ಹಳೇ ಮಸ್ಟಾಂಗ್ ಕನ್ವರ್ಟಿಬಲ್: ಮೊದ್ಲು ಜಾತಕ ಓದಿ, ಆಮೇಲೆ ಸ್ಪ್ಯಾನರ್ ಹಿಡೀರಿ

ನಾನು ಮಾಡಿದ ತಪ್ಪಿಂದಾನೇ ಶುರು ಮಾಡ್ತೀನಿ. 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್, ಅಂದ್ರೆ ಬಟ್ಟೆ ಟಾಪು ಮಡಿಚೋ ಕಾರು, ಮನೆಗೆ ಬಂದ ಮೊದಲ ಶನಿವಾರ ಖುಷಿ ತಡೀಲಾರ್ದೆ ಡಿಕ್ಕಿ ಒಳಗಿದ್ದ ಕೊಳೆತ ಮ್ಯಾಟು, ಇಲಿ ಕಡಿದ ಫೋಮು, ಸೀಟ್ ಕೆಳಗಿದ್ದ ಹಳೇ ಕಾಗದ, ಎಲ್ಲಾ ಬಾಚಿ ಒಂದು ಕಪ್ಪು ಚೀಲಕ್ಕೆ ತುಂಬಿ ಕಸಕ್ಕೆ ಇಟ್ಬಿಟ್ಟೆ. ಮಂಗಳವಾರ ಕಸದ ಲಾರಿ ಬಂತು, ಹೋಯ್ತು. ಬುಧವಾರ ಇಲ್ಲಿನ ಒಬ್ಬ ಹಳೇ ಮೆಕ್ಯಾನಿಕ್ ತಾತ, ನಲವತ್ತು ವರ್ಷದಿಂದ ಬರೀ ಮಸ್ಟಾಂಗ್ ಕೆಲಸಾನೇ ಮಾಡ್ಕೊಂಡು ಬಂದೋರು, ಕಾರು ನೋಡೋಕೆ ಬಂದು ಕೇಳಿದ ಮೊದಲ ಪ್ರಶ್ನೆ "ಸೀಟ್ ಕೆಳಗೆ ಏನೇನ್ ಸಿಕ್ತು?" ಕಸ ಅಂದೆ. ಅವರು ಏನೂ ಅನ್ಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದ್ರು. ಬೈದಿದ್ರೆ ಅಷ್ಟು ನೋವಾಗ್ತಿರ್ಲಿಲ್ಲ.

ನಾನಿರೋದು ಮಿಷಿಗನ್ನಲ್ಲಿ, ಫೋರ್ಡ್‌ನವರ ಡಿಯರ್‌ಬಾರ್ನ್‌ಗೆ ಅರ್ಧ ಗಂಟೆ ದಾರಿ. ಚಿಕ್ಕವನಿದ್ದಾಗ ಧರ್ಮಸ್ಥಳಕ್ಕೆ ಹೋದಾಗೆಲ್ಲ ದರ್ಶನ ಆದ್ಮೇಲೆ ಅಪ್ಪನ ಕೈ ಎಳ್ಕೊಂಡು ಅಲ್ಲಿನ ಕಾರ್ ಮ್ಯೂಸಿಯಮ್ಮಿಗೆ ಓಡ್ತಿದ್ದೆ, ಆ ಹುಚ್ಚು ಇಲ್ಲಿಗೆ ಬಂದ್ಮೇಲೆ ಹೀಗೆ ತಿರುಗಿಕೊಳ್ತು. ನಾಲ್ಕು ವರ್ಷ, ಕೊಂಡಿದ್ದು 9,500 ಡಾಲರ್, ಮೇಲೆ ಸುರಿದಿದ್ದು ಸುಮಾರು 31,000. ಲಾಭಕ್ಕೆ ಮಾಡೋರು ಇಲ್ಲೇ ನಿಲ್ಲಿಸಿ. ಮಾಡ್ಲೇಬೇಕು ಅನ್ನೋರಿಗೆ ನಾನು ಹೇಳೋದು ಒಂದೇ: ರೆಸ್ಟೋರೇಶನ್ ಅಂದ್ರೆ ಕಾರಿನ ಸಾಕ್ಷಿ ಅಳಿಸೋ ಕೆಲಸಾನೂ ಹೌದು. ಸ್ಯಾಂಡಿಂಗ್ ಡಿಸ್ಕ್ ಒಂದ್ಸಲ ಓಡ್ತು ಅಂದ್ರೆ ಯಾವ ಬಣ್ಣ ಇತ್ತು, ಯಾವ ಪಕ್ಕ ಗುದ್ದಿಸ್ಕೊಂಡಿತ್ತು, ಯಾರು ಎಲ್ಲಿ ರಿಪೇರಿ ಮಾಡಿದ್ರು, ಒಂದೂ ಉಳಿಯಲ್ಲ. ಅದಕ್ಕೇ ಚರಿತ್ರೆ ಮೊದ್ಲು, ತುಕ್ಕು ಆಮೇಲೆ.

ಹಂತ 1: ಇದು ಎಂಥಾ ಕಾರು ಅಂತ ತಿಳ್ಕೊಳ್ಳಿ

ಡಿಯರ್‌ಬಾರ್ನ್ ಪ್ಲಾಂಟಲ್ಲಿ ಮಸ್ಟಾಂಗ್ ತಯಾರಿ ಶುರುವಾಗಿದ್ದು 1964ರ ಮಾರ್ಚ್ 9ಕ್ಕೆ, ಜನರ ಮುಂದೆ ಬಂದಿದ್ದು ಏಪ್ರಿಲ್ 17ಕ್ಕೆ, ನ್ಯೂಯಾರ್ಕ್ ವರ್ಲ್ಡ್ ಫೇರಲ್ಲಿ. ಒಳಗಿನ ಮೂಳೆ ಎಲ್ಲಾ ಫಾಲ್ಕನ್ ಅನ್ನೋ ಸಾದಾ ಕಾರಿಂದು, ಮೇಲಿನ ಬಟ್ಟೆ ಮಾತ್ರ ಹೊಸದು. ಕೂಪೆಗೆ (ಗಟ್ಟಿ ಛಾವಣಿ ಇರೋದು) 2,368 ಡಾಲರ್, ಕನ್ವರ್ಟಿಬಲ್ಲಿಗೆ 2,614. ಮೊದಲ ದಿನಾನೇ 22,000 ಆರ್ಡರ್ ಬಂತು. 1965ರ ಮಾಡೆಲ್ ಅಂತ ಲೆಕ್ಕಕ್ಕೆ ಬರೋ ಕನ್ವರ್ಟಿಬಲ್ ಒಟ್ಟು 1,01,945, 1966ಕ್ಕೆ 72,119. ಅಂದ್ರೆ ಇದು ಅಪರೂಪದ ಕಾರಲ್ಲ, ಯಾರಾದ್ರೂ "ತುಂಬಾ ರೇರ್ ಸಾರ್" ಅಂತ ರೇಟು ಏರಿಸಿದ್ರೆ ನಕ್ಕು ಮುಂದಕ್ಕೆ ಹೋಗಿ. ಅಪರೂಪ ಅಲ್ಲದೇ ಇರೋದೇ ನಮಗೆ ಲಾಭ, ಯಾಕಂದ್ರೆ ಇವತ್ತಿಗೂ ಹೊಸ ಪಾರ್ಟ್ಸ್ ಹೆಚ್ಚುಕಮ್ಮಿ ಎಲ್ಲಾ ಸಿಗತ್ತೆ, ಅದೇ ಕಾಲದ ಬೇರೆ ಕಾರಿಗೆ ಒಂದು ಬಾಗಿಲಿನ ರಬ್ಬರ್ ಬೀಡಿಂಗ್ ಹುಡುಕೋಕೆ ಆರು ತಿಂಗಳು ಹೋಗತ್ತೆ.

ಚರಿತ್ರೆ ಯಾಕೆ ಮುಖ್ಯ ಅನ್ನೋಕೆ ಎರಡು ಕಾರಿನ ಕತೆ ಹೇಳ್ತೀನಿ, ಎರಡೂ ಕನ್ವರ್ಟಿಬಲ್ಲೇ. ಸೀರಿಯಲ್ ನಂಬರ್ ಒಂದು, ಬಿಳೀ ಬಣ್ಣದ್ದು, ಪ್ರದರ್ಶನಕ್ಕೆ ಅಂತ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಕಳ್ಸಿದ್ರು. ಅಲ್ಲಿ ಸ್ಟ್ಯಾನ್ಲಿ ಟಕರ್ ಅನ್ನೋ ಏರ್‌ಲೈನ್ ಪೈಲಟ್ ನೋಡಿ ಇದೇ ಬೇಕು ಅಂದ್ರು, ಡೀಲರ್ ಮಾರ್ಬಿಟ್ಟ. ಆಮೇಲೆ ಫೋರ್ಡ್‌ನವರಿಗೆ ಅಯ್ಯೋ ನಂಬರ್ ಒಂದು ಹೋಯ್ತಲ್ಲಾ ಅಂತ ಹೊಳೀತು, ಸುಮಾರು ಎರಡು ವರ್ಷ ಕಾದು 1966ರಲ್ಲಿ ಹತ್ತು ಲಕ್ಷದ ಒಂದನೇ ಮಸ್ಟಾಂಗ್ ಕೊಟ್ಟು ಇದನ್ನ ವಾಪಸ್ ತಗೊಂಡ್ರು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಲ್ಲಿದೆ, ಹೋಗಿ ನೋಡಬಹುದು. ಇನ್ನೊಂದು ಗೇಲ್ ವೈಸ್ ಅನ್ನೋ ಶಿಕಾಗೋ ಸ್ಕೂಲ್ ಟೀಚರ್ ಕಾರು. 1964ರ ಏಪ್ರಿಲ್ 15ಕ್ಕೆ, ಅಂದ್ರೆ ಬಿಡುಗಡೆಗೆ ಎರಡು ದಿನ ಮೊದ್ಲೇ, ತಿಳಿನೀಲಿ ಕನ್ವರ್ಟಿಬಲ್ ತಗೊಂಡ್ರು. ಅದು ಕೆಟ್ಟು 27 ವರ್ಷ ಗ್ಯಾರೇಜಲ್ಲೇ ಕೂತಿತ್ತು, ಗಂಡ ರಿಟೈರ್ ಆದ್ಮೇಲೆ ಕೂತು ಸರಿ ಮಾಡಿದ್ರು. ಅಮೆರಿಕದಲ್ಲಿ ಮಾರಾಟ ಆದ ಮೊದಲ ಮಸ್ಟಾಂಗ್ ಇದೇ ಅಂತ ಒಪ್ಪಿಸಿದ್ದು ಏನು ಗೊತ್ತಾ? ಅವತ್ತಿನ ಖರೀದಿ ಕಾಗದ. ಅದಿಲ್ಲದೇ ಹೋಗಿದ್ರೆ ಅದೂ ಲಕ್ಷ ಕಾರಿನ ನಡುವೆ ಇನ್ನೊಂದು ನೀಲಿ ಕಾರು ಅಷ್ಟೇ.

ಹಂತ 2: ನಂಬರ್ ಓದೋದು

ಕೊಳ್ಳೋಕೆ ಮುಂಚೆ ಮಾಡೋ ಕೆಲಸ ಇದು, ದುಡ್ಡು ಕೊಟ್ಮೇಲೆ ಅಲ್ಲ. ಬಾನೆಟ್ ಎತ್ತಿ, ಡ್ರೈವರ್ ಪಕ್ಕ ಚಕ್ರದ ಮೇಲೆ ಒಳಗಡೆ ಇರೋ ತಗಡು, ಅಂದ್ರೆ ಫೆಂಡರ್ ಏಪ್ರನ್, ಅದರ ಮೇಲ್ಗಡೆ ಅಂಚು ನೋಡಿ, ಹೊರಗಿನ ಫೆಂಡರಲ್ಲಿ ಒಂದು ಸಣ್ಣ ಕಚ್ಚು ಕಟ್ ಮಾಡಿರ್ತಾರೆ, ಅದರ ಮೂಲಕ ಗುದ್ದಿದ ನಂಬರ್ ಕಾಣತ್ತೆ. ಮೊದಲನೇ ಕಾರಿಂದು 5 ಎಫ್ 08 ಎಫ್ 100001. ಇದನ್ನೇ ಬಿಡಿಸೋಣ. 5 ಅಂದ್ರೆ 1965ರ ಮಾಡೆಲ್. 1964ರ ಏಪ್ರಿಲಲ್ಲಿ ಹುಟ್ಟಿದ್ರೂ 5ನೇ, ಜನ ಬಾಯಲ್ಲಿ "ಅರವತ್ನಾಲ್ಕೂವರೆ" ಅಂತಾರೆ ಹೊರತು ಫೋರ್ಡ್ ಪುಸ್ತಕದಲ್ಲಿ ಅಂಥಾ ಮಾಡೆಲ್ ಇಲ್ಲ. ಆಮೇಲಿನ ಅಕ್ಷರ ಪ್ಲಾಂಟು: ಎಫ್ ಡಿಯರ್‌ಬಾರ್ನ್, ಆರ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ನ್ಯೂಜೆರ್ಸಿಯ ಮೆಟುಚೆನ್. ಆಮೇಲೆ ಬಾಡಿ: 07 ಕೂಪೆ, 08 ಕನ್ವರ್ಟಿಬಲ್, 09 ಛಾವಣಿ ಹಿಂದಕ್ಕೆ ಇಳಿಜಾರಾಗಿರೋ ಫಾಸ್ಟ್‌ಬ್ಯಾಕ್. ಇಲ್ಲಿ 07 ಇದ್ದು ಎದುರಿಗೆ ಕನ್ವರ್ಟಿಬಲ್ ನಿಂತಿದ್ರೆ ಯಾರೋ ಕೂಪೆ ತಲೆ ಕುಯ್ದಿದ್ದಾರೆ ಅಂತ ಅರ್ಥ, ಅಲ್ಲಿಂದ ಓಡಿ. ಆಮೇಲೆ ಎಂಜಿನ್, 170, 260 ಅನ್ನೋದು ಕ್ಯೂಬಿಕ್ ಇಂಚಲ್ಲಿ ಅದರ ಗಾತ್ರ, ಸಿಕ್ಸ್ ಅಂದ್ರೆ ಆರು ಸಿಲಿಂಡರ್, ವಿ8 ಅಂದ್ರೆ ಎಂಟು. 1964ರ ಬೇಸಿಗೆ ತನಕ ಬಂದವುಗಳಲ್ಲಿ ಯು ಅಂದ್ರೆ 170 ಸಿಕ್ಸ್, ಎಫ್ ಅಂದ್ರೆ 260 ವಿ8, ಡಿ ಅಂದ್ರೆ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಇರೋ 289. ಆಗಸ್ಟ್ ಆದ್ಮೇಲೆ ಟಿ ಅಂದ್ರೆ 200 ಸಿಕ್ಸ್, ಸಿ ಅಂದ್ರೆ 200 ಹಾರ್ಸ್‌ಪವರ್ 289, ಎ ಅಂದ್ರೆ 225ರದ್ದು, ಕೆ ಅಂದ್ರೆ 271ರ ಹೈ ಪರ್ಫಾರ್ಮೆನ್ಸ್. ಕೆ ಅಕ್ಷರ ಕಂಡ್ರೆ ಬೆಲೆ ಏರತ್ತೆ, ಅದಕ್ಕೇ ಸುಳ್ಳು ಕೆ ಕಾರು ಜಾಸ್ತಿ.

ಈ ನಂಬರ್ ಒಂದೇ ಕಡೆ ಇರಲ್ಲ. ಫೆಂಡರ್ ಬಿಚ್ಚಿದ್ರೆ ಎರಡೂ ಪಕ್ಕದ ಏಪ್ರನ್ ಮೇಲೆ ಮುಚ್ಚಿಹೋಗಿರೋ ಗುದ್ದು ಇನ್ನೂ ಇರತ್ತೆ. ಮಾರೋರು ಫೆಂಡರ್ ಬಿಚ್ಚೋಕೆ ಒಪ್ಪಲ್ಲ, ಸರಿ, ಆದ್ರೆ ಕೊಂಡ್ಮೇಲೆ ಮೊದ್ಲು ಬಿಚ್ಚೋದು ಅದನ್ನೇ ಆಗಿರ್ಲಿ.

ಡ್ರೈವರ್ ಬಾಗಿಲಿನ ಹಿಂದಿನ ಅಂಚಲ್ಲಿ ಒಂದು ತಗಡಿನ ವಾರಂಟಿ ಪ್ಲೇಟ್ ಇರತ್ತೆ. ನನ್ನ ಕಾರಲ್ಲಿ ಬಾಡಿ 76ಎ ಅಂದ್ರೆ ಸಾದಾ ಒಳಾಂಗಣದ ಕನ್ವರ್ಟಿಬಲ್. 76ಬಿ ಇದ್ರೆ ಸೀಟ್ ಮೇಲೆ ಓಡೋ ಕುದುರೆ ಇರೋ ಪೋನಿ ಇಂಟೀರಿಯರ್. ಬಣ್ಣ 3, ಅಂದ್ರೆ ಪಾಪಿ ರೆಡ್ (ಗಸಗಸೆ ಹೂವಿನಂಥ ಕೆಂಪು), ನನ್ನ ಕೈಗೆ ಬಂದಾಗ ಕಾರು ಕಡುನೀಲಿ! ದಿನಾಂಕ 18ಸಿ. ಎ ಜನವರಿ, ಬಿ ಫೆಬ್ರವರಿ, ಸಿ ಮಾರ್ಚ್, ಅಂದ್ರೆ 1965ರ ಮಾರ್ಚ್ 18ಕ್ಕೆ ತಯಾರಾಗ್ಬೇಕು ಅಂತ ಗೊತ್ತು ಮಾಡಿದ್ದ ಕಾರು, ಅಲೆಕ್ಸಿ ಲಿಯೊನೊವ್ ಬಾಹ್ಯಾಕಾಶದಲ್ಲಿ ಮೊದಲ ಸಲ ಹೊರಗೆ ತೇಲಿದ ದಿನ, ಇದನ್ನ ಬಂದವರಿಗೆಲ್ಲ ಹೇಳಿ ಹೇಳಿ ಮನೇಲಿ ಬೈಸ್ಕೊಂಡಿದ್ದೀನಿ. ಅದಾದ್ಮೇಲೆ 71, ಅಂದ್ರೆ ಲಾಸ್ ಏಂಜಲೀಸ್ ಮಾರಾಟ ಜಿಲ್ಲೆ. ಗೇರ್‌ಬಾಕ್ಸ್ 6, ಸಿ4 ಆಟೊಮ್ಯಾಟಿಕ್.

ಆದ್ರೆ ಒಂದು ಮಾತು, ಪ್ಲೇಟನ್ನ ಪೂರ್ತಿ ನಂಬಬೇಡಿ. ಪ್ಲೇಟು ಬಾಗಿಲಿಗೆ ಅಂಟಿರೋದು, ಬಾಗಿಲು ಬೇರೆ ಕಾರಿಂದ ಬಂದಿರಬಹುದು, ಹೊಸ ಪ್ಲೇಟು ಒತ್ತಿ ಕೊಡೋರೂ ಇದ್ದಾರೆ. ಏಪ್ರನ್ ನಂಬರ್, ಬಾಗಿಲಿನ ಪ್ಲೇಟ್, ಟೈಟಲ್ (ಮಾಲೀಕತ್ವದ) ಕಾಗದ, ಮೂರೂ ತಾಳೆ ಆಗ್ಬೇಕು. ನಾಲ್ಕನೇ ಸಾಕ್ಷಿ ಎಂಜಿನ್ನೇ: ಬ್ಲಾಕ್ ಮೇಲೆ ಎರಕದ ದಿನಾಂಕ ಇರತ್ತೆ, 5ಬಿ20 ಅಂತಿದ್ರೆ 1965ರ ಫೆಬ್ರವರಿ 20. ಅದು ಕಾರಿನ ದಿನಾಂಕಕ್ಕಿಂತ ಕೆಲವು ವಾರ ಹಿಂದೆ ಇದ್ರೆ ಮೂಲ ಎಂಜಿನ್ ಇರೋ ಸಾಧ್ಯತೆ ಚೆನ್ನಾಗಿದೆ, ಮುಂದೆ ಇದ್ರೆ ಅದು ಆಮೇಲೆ ಹಾಕಿದ್ದಿರೋ ಸಾಧ್ಯತೆನೇ ಜಾಸ್ತಿ. ಅರವತ್ನಾಲ್ಕೂವರೆ ಅಂತ ಹೇಳಿ ಮಾರ್ತಿದ್ರೆ ಆಲ್ಟರ್ನೇಟರ್ ಬದಲು ಜನರೇಟರ್ ಇದೆಯಾ, ವಿ8 ಆದ್ರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿಗೆ ಐದೇ ಬೋಲ್ಟಾ ಅಂತ ನೋಡಿ, ಆಗಸ್ಟ್ ಆದ್ಮೇಲೆ ಆರು ಬೋಲ್ಟ್ ಆಯ್ತು.

ಹಂತ 3: ಯಾರ್ಯಾರ ಕೈ ದಾಟಿ ಬಂತು

ಇಲ್ಲಿ ಹೆಚ್ಚಿನವರು ಎಡವೋದು. ಕಾರಿನ ಚರಿತ್ರೆ ಕೊಡೋ ಕಾರ್‌ಫ್ಯಾಕ್ಸ್ ವೆಬ್‌ಸೈಟಲ್ಲಿ ನಂಬರ್ ಹಾಕಿದ್ರೆ ಎಲ್ಲಾ ಬರತ್ತೆ ಅಂದ್ಕೊಂಡಿರ್ತಾರೆ, ಅದು ಕೇಳೋ 17 ಅಂಕಿಯ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಬಂದಿದ್ದೇ 1981ರಲ್ಲಿ, ಅದಕ್ಕಿಂತ ಹಳೇ ಕಾರಿಗೆ ಅದರಿಂದ ಉಪಯೋಗ ಇಲ್ಲ. 1967ರಿಂದ ಮುಂದಿನ ಫೋರ್ಡ್ ಆದ್ರೆ ಮಾರ್ಟಿ ರಿಪೋರ್ಟ್ ಅಂತ ತರಿಸ್ಕೊಬಹುದು, ಫೋರ್ಡಿನ ಮೂಲ ಉತ್ಪಾದನಾ ದಾಖಲೆಯಿಂದ ತೆಗೆದು ಕೊಡ್ತಾರೆ, ಯಾವ ಡೀಲರು ಯಾವ ಆಪ್ಷನ್ನು ಎಲ್ಲಾ. 65, 66ರವರಿಗೆ ಆ ಭಾಗ್ಯ ಇಲ್ಲ. ನಾವು ಹಳೇ ಕಾಲದ ಥರ ಕಾಗದ ಹಿಂಬಾಲಿಸಿಕೊಂಡೇ ಹೋಗ್ಬೇಕು.

ಮಾರೋರ ಮನೇಲೇ ಕೂತು ಕಾಫಿ ಕುಡೀತಾ ಕೇಳಿ: ಯಾರಿಂದ ತಗೊಂಡ್ರಿ, ಯಾವ ವರ್ಷ, ಹಳೇ ಟೈಟಲ್ ಜೆರಾಕ್ಸ್ ಇದೆಯಾ, ಕಾರಿನ ಮುಂದೆ ನಿಂತು ತೆಗೆಸ್ಕೊಂಡ ಫೋಟೊ ಇದೆಯಾ. ನನಗೆ ಮಾರಿದ್ದು ತೀರಿಹೋದ ಒಬ್ಬರ ಮಗ, ಅವರಮ್ಮ ಬಿಸ್ಕೆಟ್ ಡಬ್ಬೀಲಿ ಎಲ್ಲಾ ರಸೀದಿ ಇಟ್ಟಿದ್ರು, 1988ರ ಖರೀದಿ ಚೀಟಿ ಅದರಲ್ಲೇ ಇತ್ತು, ಕ್ಯಾಲಿಫೋರ್ನಿಯಾದ ಒಂದು ವಿಳಾಸದ ಜೊತೆ. ನಾನು ಕಸಕ್ಕೆ ಹಾಕಿದ್ದು ಬಹುಶಃ ಅದಕ್ಕೂ ಹಿಂದಿನ ಚರಿತ್ರೆ, ಹೋಗ್ಲಿ ಬಿಡಿ. ರಾಜ್ಯದ ಮೋಟಾರು ಇಲಾಖೆಗೆ ಬರೆದು ಟೈಟಲ್ ಚರಿತ್ರೆ ಕೇಳಬಹುದು, ಆದ್ರೆ 1994ರ ಡ್ರೈವರ್ಸ್ ಪ್ರೈವಸಿ ಕಾನೂನು ಬಂದ್ಮೇಲೆ ಹಳೇ ಮಾಲೀಕರ ಹೆಸರು ವಿಳಾಸ ಸುಲಭಕ್ಕೆ ಬಿಟ್ಟುಕೊಡಲ್ಲ, ಹೆಸರಿನ ಮೇಲೆ ಕಪ್ಪು ಗೆರೆ ಎಳೆದು ತಾರೀಖು ಮಾತ್ರ ಕಳಿಸಿದ್ರೂ ಇಟ್ಕೊಳ್ಳಿ, ತಾರೀಖೇ ಸಾಕು ಎಷ್ಟು ಕೈ ಬದಲಾಯ್ತು ಅನ್ನೋಕೆ. ವಿಳಾಸ ಕೈಗೆ ಸಿಕ್ಕಿದ್ರೆ ಫೋನ್ ಮಾಡಿ ಗಾಬರಿ ಮಾಡಬೇಡಿ, ಒಂದು ಪುಟದ ಕಾಗದ, ಕಾರಿನ ಒಂದು ಫೋಟೊ, ವಾಪಸ್ ವಿಳಾಸ ಬರೆದ ಸ್ಟಾಂಪ್ ಹಚ್ಚಿದ ಕವರು ಹಾಕಿ ಪೋಸ್ಟ್ ಮಾಡಿ. ಉತ್ತರ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.

ಇನ್ನು ಕಾರೇ ಹೇಳೋ ಕತೆ. ಬಿಚ್ಚೋಕೆ ಮುಂಚೆ ಫೋಟೊ, ಬಿಚ್ಚುವಾಗ ಫೋಟೊ, ಬಿಚ್ಚಿದ್ಮೇಲೆ ಫೋಟೊ. ಡ್ಯಾಶ್‌ಬೋರ್ಡ್ ಹಿಂದೆ, ಹೀಟರ್ ಡಬ್ಬದ ಹಿಂದೆ, ಬಾಗಿಲಿನ ಪ್ಯಾನಲ್ ಒಳಗೆ ಯಾವ ಪೇಂಟರೂ ಗನ್ ಹಿಡಿದು ಹೋಗಿರಲ್ಲ, ಮೂಲ ಬಣ್ಣ ಅಲ್ಲೇ ಸಿಗೋದು. ನನಗೆ ಗ್ಲೋವ್ ಬಾಕ್ಸ್ ಬಿಚ್ಚಿದಾಗ ಅಂಗೈಯಷ್ಟು ಜಾಗದಲ್ಲಿ ಪಾಪಿ ರೆಡ್ ಹಂಗೇ ಹೊಳೀತಿತ್ತು, ಕುಂಕುಮದ ಭರಣಿ ತೆಗೆದ ಹಾಗೆ. ಹೊರಗಡೆ ಒಂದು ಮೂಲೆಯಲ್ಲಿ ನಾಣ್ಯದಗಲ ಮೆತ್ತಗೆ ಉಜ್ಜುತ್ತಾ ಹೋದ್ರೆ ಮರದ ಉಂಗುರದ ಥರ ಪದರ ಕಾಣತ್ತೆ: ನೀಲಿ, ಅದರಡಿ ಬೂದು ಪ್ರೈಮರ್, ಅದರಡಿ ಬಿಳಿ, ಅದರಡಿ ಕೆಂಪು. ಎರಡು ಸಲ ಬಣ್ಣ ಬದಲಾಗಿದೆ ಅಂತ ಗೊತ್ತಾಯ್ತು. ಬಲ ಹಿಂಬದಿಯಲ್ಲಿ ಮಾತ್ರ ಕೆಂಪೇ ಇಲ್ಲ, ಅಂದ್ರೆ ಆ ಪ್ಯಾನಲ್ಲೇ ಬೇರೆ, ಬಿಳೀ ಬಣ್ಣದ ಕಾಲದಲ್ಲಿ ಯಾವಾಗಲೋ ಗುದ್ದಿದೆ. ಡಿಕ್ಕಿ ಮುಚ್ಚಳದಲ್ಲಿ ಪುಟ್ಟಿ ಮೆತ್ತಿ ಮುಚ್ಚಿದ್ದ ಎರಡು ಸಣ್ಣ ತೂತು, ಡೀಲರ್ ಹೆಸರಿನ ಬ್ಯಾಡ್ಜ್ ಇದ್ದ ಜಾಗ. ಇವೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಫೋನಲ್ಲಿ ಬರ್ಕೊಂಡ್ರೆ ಗ್ರೀಸ್ ಕೈಯಲ್ಲಿ ಅದು ಓಪನ್ನೂ ಆಗಲ್ಲ.

ಹಂತ 4: ತುಕ್ಕು ಎಲ್ಲಿ ಅಡಗಿರತ್ತೆ

ಕನ್ವರ್ಟಿಬಲ್ ಮಸ್ಟಾಂಗಿಗೆ ಬೇರೆ ಚಾಸಿ ಇಲ್ಲ, ಬಾಡೀನೇ ಚಾಸಿ. ಕೂಪೆಗೆ ಮೇಲ್ಛಾವಣಿ ಬಿಗಿ ಕೊಡತ್ತೆ, ಇದಕ್ಕೆ ಅದಿಲ್ಲ, ಅದಕ್ಕೆ ಫೋರ್ಡ್‌ನವರು ಬಾಗಿಲ ಕೆಳಗಿನ ರಾಕರ್ ಒಳಗೆ ದಪ್ಪ ತಗಡು, ಎರಡೂ ಪಕ್ಕ ಟಾರ್ಕ್ ಬಾಕ್ಸ್ ಅನ್ನೋ ಬಿಗಿ ಕೊಡೋ ತಗಡಿನ ಡಬ್ಬ, ಸೀಟ್ ಕೆಳಗೆ ಹೆಚ್ಚಿನ ಆಸರೆ ಎಲ್ಲಾ ಸೇರಿಸಿದ್ರು. ಹೊರಗಿಂದ ಒಂದೂ ಕಾಣಲ್ಲ, ನೀರು ನಿಲ್ಲೋದು ಮಾತ್ರ ಸರಿಯಾಗಿ ಅಲ್ಲೇ. ಪೇಂಟು ಥಳಥಳ ಅಂತಿದ್ರೂ ಬೆನ್ನುಮೂಳೆ ಹಪ್ಪಳ ಆಗಿರಬಹುದು.

ಎರಡು ಪರೀಕ್ಷೆ. ಒಂದು, ಬಾಗಿಲು ಮುಚ್ಚಿ ಹಿಂದಿನ ಅಂಚಿನ ಸಂದು ನೋಡಿ, ಮೇಲೆ ಇಕ್ಕಟ್ಟು ಕೆಳಗೆ ಅಗಲ ಇದ್ರೆ ಕಾರು ನಡುವಲ್ಲಿ ಕುಸಿದಿದೆ, ಆಮೇಲೆ ಮುಂದೆ ಜ್ಯಾಕ್ ಹಾಕಿ ಎತ್ತಿ ಬಾಗಿಲು ತೆಗೆದು ಹಾಕಿ ಮಾಡಿ, ಮೊದ್ಲು ಸಲೀಸಾಗಿ ಮುಚ್ತಿದ್ದದ್ದು ಈಗ ಕಚ್ಕೊಂಡ್ರೆ ರಾಕರ್ ಸತ್ತಿದೆ ಅಂತ ಲೆಕ್ಕ. ಎರಡು, ಕೌಲ್, ಅಂದ್ರೆ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗೋ ಜಾಲರಿ ಇರೋ ಡಬ್ಬ. ಅದರೊಳಗೆ ಟೋಪಿ ಥರ ಎದ್ದು ನಿಂತ ಎರಡು ಕೊಳವೆ ಬಾಯಿ ಇರತ್ತೆ, ಅದರ ಬುಡದಲ್ಲಿ ಎಲೆ ಕೂತು, ಕೊಳೆತು, ತುಕ್ಕು ತಿಂದು, ಮಳೆ ನೀರು ನೇರ ಕಾಲ ಮೇಲೆ ಬರತ್ತೆ. ಗಾರ್ಡನ್ ಪೈಪಲ್ಲಿ ಜಾಲರಿಗೆ ಎರಡು ನಿಮಿಷ ನೀರು ಬಿಡಿ, ಇನ್ನೊಬ್ಬರು ಟಾರ್ಚ್ ಹಿಡಿದು ಡ್ಯಾಶ್ ಕೆಳಗೆ ಮಲಗ್ಲಿ. ನೀರು ಮುಂದಿನ ಚಕ್ರದ ಹಿಂದಿಂದ ಕೆಳಗೆ ಸುರಿದ್ರೆ ಸರಿ. ಮಲಗಿದೋರ ಮುಖದ ಮೇಲೆ ಸುರಿದ್ರೆ ಮಾರೋರ ಜೊತೆ ಬೆಲೆ ಮತ್ತೆ ಮಾತಾಡಿ. ನಮ್ಮನೇಲಿ ಮಲಗಿದ್ದು ನನ್ನ ಭಾವಮೈದ, ಇವತ್ತಿಗೂ ಆ ಕಾರಿಗೆ ಕೈ ಹಾಕಲ್ಲ ಅವನು.

ಹಂತ 5: ಕುಯ್ಯೋಕೆ ಮುಂಚೆ ಕಟ್ಟಿ

ಇಡೀ ಕೆಲಸದಲ್ಲಿ ಒಂದೇ ಒಂದು ಪ್ಯಾರಾ ಓದೋದಾದ್ರೆ ಇದನ್ನ ಓದಿ. ಫ್ಲೋರ್ ಕೊಳೆತಿದೆ ಅಂತ ಗ್ರೈಂಡರ್ ಹಿಡಿದು ಕುಯ್ದುಬಿಟ್ರೆ ಕನ್ವರ್ಟಿಬಲ್ ನಿಂತಲ್ಲೇ ಬಾಗತ್ತೆ, ಹಂಗೇ ಹೊಸ ಫ್ಲೋರ್ ಬೆಸೆದ್ರೆ ಬಾಗಿದ ಆಕಾರಾನೇ ಶಾಶ್ವತ. ಮೊದ್ಲು ಕಾರನ್ನ ಸಮತಟ್ಟು ನೆಲದಲ್ಲಿ, ಭಾರ ಸಸ್ಪೆನ್ಷನ್ ಮೇಲೆ ಬರೋ ಹಾಗೆ ಮುಂದೆ ಹಿಂದೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಬಾಗಿಲು ಹಾಕಿಕೊಂಡೇ ಇರ್ಲಿ, ಸಂದು ಸರಿ ಬರೋ ತನಕ ಸ್ವಲ್ಪ ಸ್ವಲ್ಪ ಜ್ಯಾಕ್ ಎತ್ತಿ. ಸಂದು ಸರಿಹೋದ್ಮೇಲೆ ಒಂದಿಂಚಿನ ಚೌಕ ಪೈಪ್ ತಗೊಂಡು ಹಿಂಜ್ ಕಂಬದಿಂದ ಹಿಂದಿನ ಲಾಕ್ ಕಂಬಕ್ಕೆ ಪ್ರತಿ ಪಕ್ಕ ಎರಡೆರಡು, ಆಮೇಲೆ ಎಡದಿಂದ ಬಲಕ್ಕೆ ಅಡ್ಡ, ಮೂಲೆಯಿಂದ ಮೂಲೆಗೆ ಕತ್ತರಿ ಥರ ಬೆಸೆಯಿರಿ, ಬಾಗಿಲು ತೆಗೆದು ಹಾಕೋಕೆ ಆಗೋ ಹಾಗೆ ಒಳಗಡೆಯಿಂದ. ಎಡ ಹಿಂಜಿಂದ ಬಲ ಲಾಕಿಗೆ, ಬಲ ಹಿಂಜಿಂದ ಎಡ ಲಾಕಿಗೆ ಟೇಪ್ ಹಿಡಿದು ಅಳತೆ ತಗೊಂಡು ಗೋಡೆ ಮೇಲೆ ಬರೀರಿ. ದಿನಾ ಕೆಲಸ ಶುರು ಮಾಡೋ ಮುಂಚೆ ಆ ಎರಡು ಅಳತೆ ಮತ್ತೆ ನೋಡಿ.

ಆಮೇಲೆ ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದು ಪಕ್ಕ, ಎರಡೂ ಒಟ್ಟಿಗೆ ಬಿಚ್ಚಬೇಡಿ. ನಾನು ಮಾಡಿದ ಕ್ರಮ: ಟಾರ್ಕ್ ಬಾಕ್ಸ್, ಒಳ ರಾಕರ್, ಫ್ಲೋರ್, ಸೀಟ್ ಆಸರೆ, ಕೊನೇಲಿ ಹೊರ ರಾಕರ್. ಹಳೇ ಸ್ಪಾಟ್ ವೆಲ್ಡನ್ನ 8 ಮಿಲಿಮೀಟರ್ ಕಟರಲ್ಲಿ ಮೇಲಿನ ತಗಡು ಮಾತ್ರ ತೂತಾಗೋ ಹಾಗೆ ಬಿಡಿಸಿ, ಕೆಳಗಿನದು ತೂತಾದ್ರೆ ಆಮೇಲೆ ತುಂಬ್ಸೋ ಕೆಲಸ. ಹೊಸ ತಗಡಲ್ಲಿ ತೂತು ಹೊಡೆದು, ತಾಮ್ರ ಅಥವಾ ಜಿಂಕ್ ಇರೋ ವೆಲ್ಡ್-ಥ್ರೂ ಪ್ರೈಮರ್ ಬಳಿದು, ಮಿಗ್ ವೆಲ್ಡಿಂಗಲ್ಲಿ ತುಂಬಿ. ಉದ್ದಕ್ಕೆ ಒಂದೇ ಸಮ ಬೆಸೀಬೇಡಿ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ, ಕೈಯಲ್ಲಿ ಮುಟ್ಟೋಷ್ಟು ತಣ್ಣಗಾದ್ಮೇಲೆ ಮತ್ತೆ. ಅವಸರ ಮಾಡಿದ್ರೆ ತಗಡು ಉಬ್ಬಿ ಪೂರಿ ಆಗತ್ತೆ. ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಶರ್, ಪೆಟ್ರೋಲ್ ಟ್ಯಾಂಕ್ ಮೊದ್ಲೇ ಬಿಚ್ಚಿ ಹೊರಗೆ. ಈ ಕಾರಲ್ಲಿ ಟ್ಯಾಂಕಿನ ಮೇಲ್ಭಾಗಾನೇ ಡಿಕ್ಕಿಯ ನೆಲ, ಕಿಡಿ ಹಾರಿದ್ರೆ ನೇರ ಅಲ್ಲಿಗೇ.

ಕೌಲ್ ಸರಿ ಮಾಡೋಕೆ ಮುಂದಿನ ಗಾಜು, ಫೆಂಡರು, ಡ್ಯಾಶ್ ಎಲ್ಲಾ ಹೊರಗೆ ಬಂದು ಲೆಕ್ಕ ತಪ್ಪೋಷ್ಟು ಸ್ಪಾಟ್ ವೆಲ್ಡ್ ಬಿಡಿಸಿ ಮೇಲಿನ ಅರ್ಧ ಎತ್ತಬೇಕು. ಒಳಗಿಂದ ಅಂಟಿಸೋ ಪ್ಲಾಸ್ಟಿಕ್ ಟೋಪಿ ಸಿಗತ್ತೆ, ಕೆಲವರು ಅದರಲ್ಲೇ ಮುಗಿಸ್ತಾರೆ. ಗಾಜು ಹೇಗೂ ಹೊರಗಿದೆ ಅಂದ್ರೆ ಪೂರ್ತಿ ಮಾಡಿ, ಎರಡನೇ ಸಲ ಬಿಚ್ಚೋ ಮನಸ್ಸು ಯಾರಿಗೂ ಬರಲ್ಲ.

ಹಂತ 6: ಎಂಜಿನ್, ಬ್ರೇಕು, ವೈರಿಂಗು

289 ಎಂಜಿನ್ ಬಗ್ಗೆ ಹೆದರಿಕೆ ಬೇಡ, ಬಜಾಜ್ ಚೇತಕ್ ಥರ, ಬಿಚ್ಚಿದಷ್ಟೂ ಸುಲಭ. ವರ್ಷಗಟ್ಲೆ ನಿಂತಿದ್ರೆ ಕೀ ತಿರುಗಿಸಬೇಡಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಆಯಿಲ್ ಬಿಟ್ಟು ಎರಡು ದಿನ ಬಿಟ್ಟು ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್ ಉರಿಯೋ ಕ್ರಮ, 1-5-4-2-6-3-7-8. ಹೊಸ ಕ್ಯಾಮ್ (ವಾಲ್ವ್ ಎತ್ತೋ ದಂಡ) ಹಾಕಿದ್ರೆ ಜಿಂಕ್ ಇರೋ ಆಯಿಲ್ಲೇ ಹಾಕಿ, ಸ್ಟಾರ್ಟ್ ಆದ ಕೂಡ್ಲೇ ಐಡಲಲ್ಲಿ ಬಿಡದೆ 2,000 ಆರ್‌ಪಿಎಮ್ಮಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಇಲ್ಲಾಂದ್ರೆ ಕ್ಯಾಮ್ ಸವೆದುಹೋಗತ್ತೆ. ಹಳೇ ರಬ್ಬರ್ ಹೋಸ್ ಈಗಿನ ಎಥೆನಾಲ್ ಪೆಟ್ರೋಲಿಗೆ ಕರಗತ್ತೆ, ಒಂದೂ ಬಿಡದೆ ಬದಲಾಯಿಸಿ.

ಬ್ರೇಕಲ್ಲಿ ಮಾತ್ರ ನಾನು ಒರಿಜಿನಲ್ ಹಠ ಬಿಟ್ಟೆ. 1966ರ ತನಕ ಮಸ್ಟಾಂಗಲ್ಲಿ ಬ್ರೇಕ್ ಎಣ್ಣೆ ಒತ್ತೋ ಮಾಸ್ಟರ್ ಸಿಲಿಂಡರ್ ಒಂದೇ ಕೋಣೇದು, ಒಂದು ಚಕ್ರದ ಪೈಪ್ ಒಡೆದ್ರೆ ನಾಲ್ಕಕ್ಕೂ ಬ್ರೇಕ್ ಇಲ್ಲ. 1967ರಿಂದ ಎರಡು ಕೋಣೆ ಬಂತು. ಎರಡು ಕೋಣೇದು ಹಾಕಿಸ್ಕೊಳ್ಳಿ, ಹಳೇದನ್ನ ಡಬ್ಬೀಲಿಡಿ, ಪ್ರದರ್ಶನದಲ್ಲಿ ಅಂಕ ಹೋದ್ರೆ ಹೋಗ್ಲಿ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರತ್ತೆ, ಏರ್ ಹೊಡೆದು ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಒರೆಸಿ. ವೈರಿಂಗ್ ಹೊಸ ಸೆಟ್ಟೇ ತಗೊಳ್ಳಿ, ಹಳೇದನ್ನ ಟೇಪ್ ಸುತ್ತಿ ಉಳಿಸೋದು ಬೆಂಕಿ ಜೊತೆ ಚೌಕಾಸಿ.

ಹಂತ 7: ಬಣ್ಣ

ಮರಳು ಹೊಡೆಸಿ ಪೇಂಟ್ ತೆಗೆಸಿದ್ರೆ ಬಾನೆಟ್ಟು, ಬಾಗಿಲಿನಂಥ ಚಪ್ಪಟೆ ತಗಡು ಮರಳಿನ ಹೊಡೆತಕ್ಕೆ ಸುಕ್ಕಾಗತ್ತೆ. ನನ್ನ ಡಿಕ್ಕಿ ಮುಚ್ಚಳ ಒಬ್ಬರ ಶಾಪಲ್ಲಿ ಹಾಗೇ ಹಾಳಾಯ್ತು, ಯಾರು ಅಂತ ಬೇಡ. ಕೆಮಿಕಲ್ ಸ್ಟ್ರಿಪ್ಪರ್ ಅಥವಾ ಮರಳಿನ ಬದಲು ಸೋಡಾ ಪುಡಿ ಹೊಡೆಸೋದು ವಾಸಿ. ಕಾರ್ಖಾನೆಯಲ್ಲೇ ಬಾಡಿ ಜಾಯಿಂಟಿಗೆ ಸೀಸ ತುಂಬಿರ್ತಾರೆ, ಅದನ್ನ ಗ್ರೈಂಡ್ ಮಾಡಿ ಧೂಳು ಕುಡೀಬೇಡಿ. ಬರೀ ಕಬ್ಬಿಣ ಕಂಡ ದಿನಾನೇ ಎಪಾಕ್ಸಿ ಪ್ರೈಮರ್, ಮಿಷಿಗನ್ನಿನ ತೇವಕ್ಕೆ ರಾತ್ರಿ ಕಳೆಯೋಷ್ಟರಲ್ಲಿ ತುಕ್ಕಿನ ಪುಡಿ ಬರತ್ತೆ. ಈಗಿನ ಟೂಕೆ (ಗಟ್ಟಿಯಾಗಿಸೋ ದ್ರವ ಬೆರೆಸಿ ಹೊಡೆಯೋ) ಪೇಂಟಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ವಿಷ, ಹೊರಗಿಂದ ಗಾಳಿ ಬರೋ ಮಾಸ್ಕ್ ಇಲ್ಲದೇ ಮನೇಲಿ ಹೊಡೀಬೇಡಿ. ನಾನು ಇದೊಂದನ್ನ ಹೊರಗೆ ಕೊಟ್ಟೆ. ಬಣ್ಣ ಪಾಪಿ ರೆಡ್ಡೇ, ಮನೇಲಿ ನೀಲಿ ಚೆನ್ನಾಗಿತ್ತಲ್ರೀ ಅಂತ ಎರಡು ತಿಂಗಳು ಜಗಳ ಆಯ್ತು, ಅದು ಬೇರೆ. ಗ್ಲೋವ್ ಬಾಕ್ಸ್ ಹಿಂದಿನ ಆ ಅಂಗೈಯಷ್ಟು ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿಸಿ ಹಂಗೇ ಬಿಡ್ಸಿದೆ.

ಹಂತ 8: ಟಾಪು

ಜನ ನೋಡೋದು ಪೇಂಟು, ಆದ್ರೆ ಅಳಿಸೋದು ಟಾಪು. ಹೊಸ ಬಟ್ಟೆ ತಂದ ದಿನಾನೇ ಬಿಗಿಯೋಕೆ ಹೋಗಬೇಡಿ. ಮೊದ್ಲು ಬರೀ ಫ್ರೇಮ್ ಹಾಕಿ, ಬಾಗಿಲ ಗಾಜು ಎಲ್ಲಾ ಮೇಲೆತ್ತಿ, ಫ್ರೇಮಿನ ಅಂಚು ಗಾಜಿಗೆ ಸಮ ಕೂರತ್ತಾ, ಮುಂದಿನ ಕೊಂಡಿ ಜಗ್ಗದೇ ಬೀಳತ್ತಾ ನೋಡಿ. ಇಲ್ಲಿ ಎರಡು ಮಿಲಿಮೀಟರ್ ತಪ್ಪಿದ್ರೆ ಬಟ್ಟೆ ಯಾವತ್ತೂ ಸರಿ ಕೂರಲ್ಲ. ಆಮೇಲೆ ಮೊಳೆ ಹಿಡಿಯೋ ಪಟ್ಟಿ ಹೊಸದು, ಟಾಪ್ ಮಡಿಚಿ ಕೂರೋ ಗುಂಡಿಯ ಲೈನರ್, ಪಕ್ಕದ ಪ್ಯಾಡ್, ಹಿಂದಿನ ಕಿಟಕಿ ಇರೋ ಪರದೆ, ಇಷ್ಟಾದ್ಮೇಲೆ ಮೇಲಿನ ಬಟ್ಟೆ. ಬಟ್ಟೇನ ಅರ್ಧ ದಿನ ಬಿಸಿಲಿಗೆ ಹರಡಿ, ಸಡಿಲ ಆಗ್ಲಿ. ನಡುಮಧ್ಯೆ ಚಾಕ್‌ಪೀಸಲ್ಲಿ ಗೆರೆ, ಫ್ರೇಮಿನ ಕಮಾನುಗಳ ಮೇಲೂ ಗೆರೆ, ಎರಡೂ ಸೇರಿಸಿ ಹಿಂದಿಂದ ಮುಂದಕ್ಕೆ. ಸ್ಟೇಪಲ್ ಸ್ಟೇನ್‌ಲೆಸ್ಸೇ ಇರ್ಲಿ, ಸಾದಾದ್ದು ತುಕ್ಕು ಹಿಡಿದು ಬಟ್ಟೆ ಮೇಲೆ ಕಂದು ಕಣ್ಣೀರು ಇಳಿಸತ್ತೆ. ಮೊದಲ ಸಲ ಅರ್ಧಂಬರ್ಧ ಹೊಡೆದು, ಮುಚ್ಚಿ ನೋಡಿ, ಸುಕ್ಕು ಇರೋ ಕಡೆ ಬಿಚ್ಚಿ ಎಳೆದು ಮತ್ತೆ ಹೊಡೀರಿ. ನಾನು ಏಳು ಸಲ ಬಿಚ್ಚಿದೆ.

ಪವರ್ ಟಾಪ್ ಆದ್ರೆ ಹಿಂದಿನ ಸೀಟಿನ ಹಿಂದೆ ಮೋಟಾರು ಪಂಪು, ಎರಡು ಪಕ್ಕ ಹೈಡ್ರಾಲಿಕ್ ಸಿಲಿಂಡರ್. ಎಣ್ಣೆ ತುಂಬಿ ಐದಾರು ಸಲ ಮೇಲೆ ಕೆಳಗೆ ಮಾಡಿ ಗಾಳಿ ಹೊರಗೆ ಬಿಡಿ, ಪ್ರತಿ ಸಲ ಎಣ್ಣೆ ಮಟ್ಟ ನೋಡಿ. ಒಂದು ಪಕ್ಕ ಮುಂದೆ ಇನ್ನೊಂದು ಹಿಂದೆ ಉಳಿದ್ರೆ ಕೂಡ್ಲೇ ನಿಲ್ಲಿಸಿ, ಫ್ರೇಮ್ ತಿರುಚತ್ತೆ. ಹೊಸ ಟಾಪನ್ನ ಮೊದಲ ಮೂರು ನಾಲ್ಕು ವಾರ ಮಡಿಚಬೇಡಿ. ಚಳೀಲಿ, ಒದ್ದೆ ಇದ್ದಾಗ ಮಡಿಚೋದೇ ಬೇಡ, ಪ್ಲಾಸ್ಟಿಕ್ ಕಿಟಕಿ ಸೀಳಿಹೋಗತ್ತೆ, ಮಡಿಕೆ ಮಧ್ಯೆ ಒಂದು ಹಳೇ ಟವೆಲ್ ಇಡಿ.

ಹಂತ 9: ಫೈಲು, ಪ್ಲೇಟು, ರಸ್ತೆ

ಇಷ್ಟು ಮಾಡಿದ್ಮೇಲೆ ಮಾಮೂಲಿ ಇನ್ಶೂರೆನ್ಸ್ ಮಾಡಿಸಬೇಡಿ, ಅವರ ಲೆಕ್ಕದಲ್ಲಿ ಇದು ಗುಜರಿ. ಅಗ್ರೀಡ್ ವ್ಯಾಲ್ಯೂ ಪಾಲಿಸಿ ಕೇಳಿ, ಇಷ್ಟು ಬೆಲೆ ಅಂತ ಮೊದ್ಲೇ ಒಪ್ಪಿ ಬರ್ಕೊಡ್ತಾರೆ, ಅದಕ್ಕೆ ನಿಮ್ಮ ಫೋಟೊ, ರಸೀದಿ, ನೋಟ್‌ಬುಕ್ಕೇ ಆಧಾರ. ಮಿಷಿಗನ್ನಲ್ಲಿ ಹಿಸ್ಟಾರಿಕ್ ಪ್ಲೇಟ್ ಅಗ್ಗ, ಆದ್ರೆ ಮೆರವಣಿಗೆ, ಕ್ಲಬ್ಬು, ಪ್ರದರ್ಶನಕ್ಕೆ ಮಾತ್ರ, ಆಗಸ್ಟ್ ತಿಂಗಳಲ್ಲಿ ಮಾತ್ರ ಸುಮ್ನೆ ಓಡಿಸೋಕೂ ಬಿಡ್ತಾರೆ. ವುಡ್‌ವರ್ಡ್ ಡ್ರೀಮ್ ಕ್ರೂಸ್ ಬರೋದೂ ಆಗಸ್ಟಲ್ಲೇ, 1995ರಿಂದ ನಡೀತಿದೆ, ಆ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರಿನ ತೇರು.

ಅದಕ್ಕೆ ಹೊರಡೋ ಹಿಂದಿನ ವಾರ ನನ್ನ ಸ್ಟಾಂಪ್ ಹಚ್ಚಿದ ಕವರು ವಾಪಸ್ ಬಂತು, ಹಾಕಿ ಎರಡು ವರ್ಷ ಆಗಿತ್ತು. 1988ರಲ್ಲಿ ಮಾರಿದವರ ಮಗಳು ಬರೆದಿದ್ರು. ಅಪ್ಪ ಕೊಂಡಾಗ ಕಾರು ಕೆಂಪಗಿತ್ತಂತೆ, ಬಿಳಿ ಮಾಡಿಸಿದ್ದು ಅವರಮ್ಮನಂತೆ, ಬಲಗಡೆ ಗುದ್ದಿಸಿದ್ದೂ ಅವರೇ ಅಂತೆ. ಕೊನೇಲಿ ಒಂದು ಸಾಲು: ಗ್ಲೋವ್ ಬಾಕ್ಸ್ ಬಾಗಿಲಲ್ಲಿ ಎಡಗಡೆ ಒಂದು ಡೊಂಕು ಇತ್ತಲ್ಲ, ಅದು ನಾನು ಆರು ವರ್ಷದವಳಿದ್ದಾಗ ಒದ್ದಿದ್ದು, ಇನ್ನೂ ಇದೆಯಾ?

ಆ ಡೊಂಕು ಬಾಗಿಲನ್ನ ನಾನು ಬದಲಾಯಿಸಿ ಆರು ತಿಂಗಳಾಗಿತ್ತು, ಹಳೇದು ಗುಜರಿ ಡಬ್ಬೀಲಿತ್ತು. ರಾತ್ರಿ ಹತ್ತೂವರೆಗೆ ಗ್ಯಾರೇಜ್ ಲೈಟ್ ಹಾಕಿ, ಹೊಸದನ್ನ ಬಿಚ್ಚಿ, ಹಳೇದನ್ನ ಉಜ್ಜಿ ಕೂರಿಸಿ, ಫೋಟೊ ತೆಗೆದು ಮಾರನೇ ದಿನ ಪೋಸ್ಟ್ ಮಾಡಿದೆ.